ಕೆಂಚಮ್ಮ ಒರೆಸಿದ ಗೆರೆಗಳು

ಬೆಳಗಿನ ಆರು ಗಂಟೆ. ಕೆಂಗಲ್ ಹನುಮಪ್ಪನಿಗೆ ಬಸ್ಸಿನಿಂದಲೇ ಕೈಮುಗಿದು ಇಳಿದ ಕೆಂಚಮ್ಮ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಬಳೆ ಬಿಚ್ಚಿಟ್ಟಾಗಿದೆ, ಮುಡಿದ ಹೂವು ಹೊರಗಿನ ಕಪಾಟಿನಲ್ಲಿದೆ. ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಎದುರಿಗೆ ಸೋಸಿದ ಗಾಳಿ ಬೀಸುವ ಗಾಜಿನ ಪೆಟ್ಟಿಗೆ, ಅದರೊಳಗೆ ಉರಿಯುವ ಸ್ಪಿರಿಟ್ ದೀಪ. ಚಿಮಟವನ್ನು ಬೆಂಕಿಗೆ ಹಿಡಿದು ಆರಿಸಿ, ಬಾಟಲಿಯಿಂದ ಬಾಳೆ ಮೊಳಕೆಯ ಗುಂಪನ್ನು ಎತ್ತುತ್ತಾರೆ. ಕಪ್ಪಾದ ಬುಡವನ್ನು ಸವರಿ, ನಾಲ್ಕು ಹೋಳು ಮಾಡಿ, ಹೊಸ ಬಾಟಲಿಗೆ ಇಳಿಸುತ್ತಾರೆ. ಮಧ್ಯಾಹ್ನ ಎರಡರೊಳಗೆ ಇಂಥ ಇನ್ನೂರು ಬಾಟಲಿ ಮುಗಿಯಬೇಕು. ಹೊರಗೆ ಸೂರ್ಯ ಹುಟ್ಟಿದನೋ ಇಲ್ಲವೋ, ಟಿಶ್ಯೂ ಕಲ್ಚರ್ ಕಂಪನಿಯ ಟ್ಯೂಬ್‌ಲೈಟಿನ ಈ ಕೋಣೆಗೆ ಗೊತ್ತಾಗುವುದೇ ಇಲ್ಲ.

ನಾವು ತಿನ್ನುವ ಏಲಕ್ಕಿ ಬಾಳೆಗೆ ಇಂಥದೊಂದು ತವರುಮನೆ ಇರಬಹುದು ಎಂದು ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರೂ ಕಂಪನಿಯ ಹೆಸರು ಹೇಳುತ್ತಾರೆ. ಹದಿಮೂರು ವರ್ಷದಿಂದ ಕತ್ತರಿಸುತ್ತಿರುವ ಹೆಂಗಸಿನ ಹೆಸರು ಯಾವ ಸಸಿಯ ಚೀಟಿಯಲ್ಲೂ ಇಲ್ಲ.

ಕೆಂಚಮ್ಮನಿಗೆ ಈಗ ನಲವತ್ತೆಂಟು. ಹದಿನಾಲ್ಕನೇ ವಯಸ್ಸಿಗೇ ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕ ಸೇರಿ, ಇಪ್ಪತ್ತು ವರ್ಷ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದವರು. ಅಲ್ಲಿ ಬೆಂದ ಬೆರಳುಗಳನ್ನು ಇಲ್ಲಿ ಸ್ಪಿರಿಟ್ ಸುಡುತ್ತದೆ. ಮುದ್ದೆ ಕಟ್ಟುವಾಗ ಬಿರುಕುಗಳು ಉರಿಯುತ್ತವೆ. "ಕಣ್ಗೆ ಕಾಣ್ದಿರೋ ಎಳೇನೇ ಹಿಡ್ದೋಳು ನಾನು. ಇದ್ಯಾವ ಲೆಕ್ಕ ಅಂದ್ಕಂಡಿದ್ದೆ," ಎನ್ನುತ್ತಾರೆ.

ಲೆಕ್ಕ ಇದ್ದದ್ದು ಬೇರೆ ಕಡೆ. ಮಣ್ಣಿನಲ್ಲಿರುವ ಗಿಡಕ್ಕೆ ಬೇರಿನ ತುದಿಯೇ ಸೈಟೊಕೈನಿನ್ ಎಂಬ ಹಾರ್ಮೋನು ತಯಾರಿಸಿ ಮೇಲಕ್ಕೆ ಕಳಿಸುತ್ತದೆ. ಜೀವಕೋಶ ಒಡೆದು ಒಂದು ಎರಡಾಗಲು, ಹೊಸ ಸುಳಿ ಏಳಲು ಅದರ ಅಪ್ಪಣೆ ಬೇಕು. ಬೇರು ಬಿಡಿಸುವ ಆಕ್ಸಿನ್ ಎಂಬ ಇನ್ನೊಂದರ ಜೊತೆ ಅದು ಹದವಾಗಿದ್ದರೆ ಗಿಡ ಗಿಡವಾಗುತ್ತದೆ. ಬಾಟಲಿಯ ಮೊಳಕೆಗೆ ಬೇರಿಲ್ಲ. ಅದಕ್ಕೇ ಸಕ್ಕರೆ, ಲವಣ ಹಾಕಿ ಗಟ್ಟಿ ಮಾಡಿದ ಅಂಬಲಿಯಂಥ ಆಹಾರಕ್ಕೆ ಸೈಟೊಕೈನಿನ್ನನ್ನು ಅಳೆದು ಬೆರೆಸುತ್ತಾರೆ. ಇಲ್ಲಿನ ಹೆಂಗಸರು ಅದನ್ನು 'ಮರಿ ಔಷಧಿ' ಅನ್ನುತ್ತಾರೆ. "ಅದಿದ್ರೆ ಒಂದು ನಾಕಾಯ್ತದೆ, ನಾಕು ಹದಿನಾರಾಯ್ತದೆ. ಸಾಕು ಅನ್ನೋದೇ ಗೊತ್ತಿಲ್ಲ ಅದ್ಕೆ."

ಸಾಕು ಎನ್ನಬೇಕಾದವರು ಮನುಷ್ಯರು. ಒಂದು ಸುತ್ತು ಕತ್ತರಿಸಿದರೆ ಬಾಟಲಿಯ ಮುಚ್ಚಳದ ಮೇಲೆ ಒಂದು ಗೆರೆ ಎಳೆಯುವುದು ಇಲ್ಲಿನ ಪದ್ಧತಿ. ಎಂಟು ಗೆರೆಯಾದರೆ ಆ ವಂಶ ಮುಗಿಯಿತು, ತೋಟದ ಬಾಳೆ ಬುಡದಿಂದ ಹೊಸ ಕಂದು ತಂದು ಮೊದಲಿಂದ ಶುರು ಮಾಡಬೇಕು. ಸುತ್ತು ಹೆಚ್ಚಿದಷ್ಟೂ ತಾಯಿಗಿಡದ ಗುಣ ಬಿಟ್ಟ, ಜಾತಿ ಕೆಟ್ಟ ಸಸಿಗಳು ಹೆಚ್ಚುತ್ತವೆ.

ಎರಡು ವರ್ಷದ ಹಿಂದೆ ಬೇಡಿಕೆ ಒಮ್ಮೆಲೇ ಏರಿತು, ಹೊಸ ಕಂದು ಸಿಗಲಿಲ್ಲ. ಮೇಲ್ವಿಚಾರಕ ಅನಂತರಾಜು ಮರಿ ಔಷಧಿಯ ಪ್ರಮಾಣ ಏರಿಸಿದರು. ಎಂಟು ಗೆರೆಯ ಬಾಟಲಿಗಳನ್ನು ಕೆಂಚಮ್ಮನ ಮುಂದಿಟ್ಟು, "ಒರೆಸಿ ಒಂದರಿಂದ ಹಾಕಮ್ಮ, ಯಾರು ನೋಡ್ತಾರೆ?" ಎಂದರು. ಕೆಂಚಮ್ಮ ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಅದೇ ಬಾಟಲಿಗಳು ಮತ್ತೆ ನಾಲ್ಕು ಸುತ್ತು ತಿರುಗಿದವು.

ಇಷ್ಟೇ ಆಗಿದ್ದರೆ ಕಂಪನಿಯ ಪಾಪ ಕಂಪನಿಗೆ ಎನ್ನಬಹುದಿತ್ತು. ಆದರೆ ಆ ಹೊತ್ತಿಗೇ ಬೈರಾಪಟ್ಟಣದಲ್ಲಿರುವ ತಮ್ಮ ಬೋರಲಿಂಗಯ್ಯ ಎಂಟುನೂರು ಸಸಿ ಬೇಕೆಂದು ಕೇಳಿದ. ಅಕ್ಕನಿಗೆ ಹಿಗ್ಗು. ಒಡಹುಟ್ಟಿದವನಿಗೆಂದು ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು, ಮೊಳಕೆ ಅತಿ ದಟ್ಟವಾಗಿ ಕಿಕ್ಕಿರಿದವನ್ನೇ ಆರಿಸಿ, ಬೇರು ಬಿಡಿಸುವ ಕೋಣೆಗೆ ಕಳಿಸಿದರು. ಔಷಧಿ ಅತಿಯಾಗಿ ಒಡೆದು ಒಡೆದು ದಣಿದ ಗುಂಪುಗಳೇ ಅಷ್ಟು ದಟ್ಟವಾಗಿರುತ್ತವೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹದಿಮೂರು ವರ್ಷ ಕತ್ತರಿಸಲು ಕಲಿಸಿದವರು ಕತ್ತರಿಸುತ್ತಿರುವುದು ಏನೆಂದು ಕಲಿಸಬೇಡವೇ? "ಗುಬುರಾಗಿದ್ರೆ ಪುಷ್ಟಿ ಅಂದ್ಕಂಡೆ ಸಾರ್. ಪ್ರೀತಿ ಮಾಡಿ ಆರಿಸ್ಬುಟ್ಟು ಕೆಟ್ಟದ್ನೇ ಕೊಟ್ಟೆ."

ಬೋರಲಿಂಗಯ್ಯನ ತೋಟದಲ್ಲಿ ಅರ್ಧಕ್ಕರ್ಧ ಗಿಡ ಸೊಂಟದೆತ್ತರಕ್ಕೇ ನಿಂತವು. ಎಲೆ ಕಿರಿದು, ಬುಡದ ಸುತ್ತ ಕಂದೋ ಕಂದು. ಗೊನೆ ಬಿಟ್ಟವುಗಳಲ್ಲೂ ಕಾಯಿ ಕಿರುಬೆರಳಿನಷ್ಟು. ಬೈರಮಂಗಲದ ಕಡೆಯಿಂದಲೂ ಇದೇ ದೂರು ಬಂತು. ಕಂಪನಿ ವಿಚಾರಣೆ ನಡೆಸಿ ಒಂದು ಪುಟದ ವರದಿ ಬರೆಯಿತು: ಕತ್ತರಿಸುವವರ ಕೈತಪ್ಪು. ಅನಂತರಾಜು ಈಗಲೂ ಅದೇ ಕುರ್ಚಿಯಲ್ಲಿದ್ದಾರೆ. ಓದಿದರೆ ಮೈ ಉರಿಯುತ್ತದೆ.

ಬೋರಲಿಂಗಯ್ಯನಿಗೂ ಉರಿಯಿತು. ಅವನು ಬಂದು ಗೇಟಿನ ಮುಂದೆ ನಿಂತು ಕೂಗಾಡಿದ. "ನಮ್ಮಕ್ಕ ಬೆಂಕಿಯಷ್ಟು ಚೊಕ್ಕ ಕಣ್ರಯ್ಯ! ಅವ್ಳ ಕೈ ತಪ್ಪು ಅಂದೋನು ಯಾವನ್ಲಾ, ಆಚ್ಗೆ ಬಾ!" ಒಳಗೆ ಕೂತ ಕೆಂಚಮ್ಮನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ಪಕ್ಕದ ಮೇಜಿನ ನಿಖಾತ್ ಮೊಣಕೈ ತಿವಿದು, "ಹೋಗಕ್ಕ, ಇರೋದು ಹೇಳ್ಬುಡು," ಎಂದಳು. ಕೆಂಚಮ್ಮ ಏಳಲಿಲ್ಲ. ತಲೆ ತಗ್ಗಿಸಿ ಆ ದಿನದ ಇನ್ನೂರು ಬಾಟಲಿ ಮುಗಿಸಿದರು.

ತಮ್ಮ ಆಮೇಲೆ ಒಂದು ಮಾತೂ ಕೇಳಲಿಲ್ಲ. ಗಿಡ ಕಿತ್ತು ರಾಗಿ ಚೆಲ್ಲಿದ. ಹಬ್ಬಕ್ಕೆ ಕರೆದ, ಎಲೆ ಹಾಕಿ ಮೊದಲು ಅಕ್ಕನಿಗೇ ಬಡಿಸಿದ. "ಅನ್ನ ಗಂಟ್ಲಲ್ಲಿ ಇಳೀನಿಲ್ಲ. ಬೈದಿದ್ರೆ ಒಸಿ ಇಳೀತಿತ್ತೇನೋ," ಎನ್ನುತ್ತಾರೆ ಕೆಂಚಮ್ಮ.

ಪತ್ರಿಕೆಯಲ್ಲಿ ಹೆಸರು ಬದಲಿಸಿ ಬರೆಯಬಹುದು, ಇಲ್ಲದಿದ್ದರೆ ನಾಳೆ ಕೆಲಸ ಹೋದೀತು ಎಂದು ಎಚ್ಚರಿಸಿದರೆ ಅವರು ಚಿಮಟ ಕೆಳಗಿಡುತ್ತಾರೆ, ಮಾಸ್ಕು ಇಳಿಸುತ್ತಾರೆ.

"ಹೋದ್ರೆ ಹೋಗ್ಲಿ ಸಾರ್. ಭಾನ್ವಾರದ ಪೇಪರ್ನ ನಮ್ ಬೋರ ಟೀ ಅಂಗ್ಡೀಲಿ ಕುಂತ್ಕಂಡು ಎಲ್ರಿಗೂ ಕೇಳಂಗೆ ಓದ್ತಾನೆ. ಇವತ್ಗೂ ಅಲ್ಲಿ ನನ್ ಪರ ವಯಿಸ್ಕಂಡು ಜಗಳ ಆಡ್ತಾನಂತೆ. ಮಖ ನೋಡ್ಕಂಡ್ ಹೇಳಕ್ಕೆ ನನ್ ಕೈಲಿ ಆಗ್ನಿಲ್ಲ. ಗೆರೆ ಒರಸ್ದೋಳು ಕೆಂಚಮ್ಮನೇ ಅಂತ ಹೆಸರಾಕಿ ಬರೀರಿ. ಅವ್ನೇ ಓದ್ಲಿ."