ಪಾಳುಭೂಮಿ ಎಂದು ಬರೆದವಳು

ಹೋದ ವಾರ ಶಿವಾಜಿನಗರದ ಹಳೆ ಪುಸ್ತಕದ ಅಂಗಡಿಯಲ್ಲಿ ಆ ಪುಸ್ತಕ ಕೈಗೆ ಸಿಕ್ಕಿತು. ದೇಶದ ಒಂದೊಂದು ಸೀಮೆಯ ಬಗ್ಗೆ ಅಲ್ಲಿಯವರೇ ಬರೆದ ಪ್ರಬಂಧಗಳ ಸಂಕಲನ. ರಟ್ಟಿನ ಮೂಲೆ ಗೆದ್ದಲು ತಿಂದಿತ್ತು. ಪರಿವಿಡಿಯಲ್ಲಿ ನಮ್ಮ ಭೂಗೋಳದ ಮೇಡಂ ಹೆಸರು ಕಂಡ ಕೂಡಲೇ ಮುಚ್ಚಿ ಅಲ್ಲೇ ಇಟ್ಟುಬಿಡಬೇಕೆನಿಸಿತು. ಇಡಲಾಗಲಿಲ್ಲ...

ಹಲಸೂರಿನ ಕನ್ನಡ ಶಾಲೆಯಲ್ಲಿ ಅವರು ನನಗೆ ಕಲಿಸಿದವರು. ಪುಸ್ತಕ ನೋಡದೆ, ಸೀಮೆಸುಣ್ಣ ಎತ್ತದೆ, ಒಂದೇ ಗೆರೆಯಲ್ಲಿ ಭಾರತದ ನಕ್ಷೆ ಬರೆಯುತ್ತಿದ್ದರು. ಮನೆಯಲ್ಲಿ ತಮಿಳೋ ದಖನಿಯೋ ಆಡುವ ಮಕ್ಕಳೇ ಹೆಚ್ಚಿದ್ದ ತರಗತಿ ಅದು. ಒಬ್ಬೊಬ್ಬರನ್ನೂ ಕರೆದು, ಅವರವರ ಅಜ್ಜಿಯ ಊರಿರುವ ಕಡೆ ಚುಕ್ಕಿ ಇಡಿಸುತ್ತಿದ್ದರು. ಕೊನೆಯ ಚುಕ್ಕಿ ಅವರದು, ಕೆ.ಆರ್. ಪುರದಾಚೆಯ ಒಂದು ಹಳ್ಳಿ. ಬೆಂಗಳೂರಿಗೆ ಅಷ್ಟು ಹತ್ತಿರದ ಊರಿಗೆ ನಕ್ಷೆಯಲ್ಲಿ ಜಾಗವೇ ಉಳಿದಿರುತ್ತಿರಲಿಲ್ಲ. ನಾವೆಲ್ಲ ನಗುತ್ತಿದ್ದೆವು.

ಮುಂದೆ ನಾನು ಪ್ರಕಾಶನವೊಂದರಲ್ಲಿ ಕೆಲಸಕ್ಕೆ ಸೇರಿದೆ. ಆ ಸಂಕಲನಕ್ಕೆ ಬೆಂಗಳೂರಿನ ಪೂರ್ವ ಭಾಗದ ಬಗ್ಗೆ ಬರೆಯುವವರು ಬೇಕಾದಾಗ ನೆನಪಾದದ್ದು ಅವರೇ. ನಿವೃತ್ತರಾಗಿ ಮರ್ಫಿ ಟೌನಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮೊದಲು ಒಪ್ಪಲಿಲ್ಲ. ಆಮೇಲೆ ತಿಂಗಳಿಡೀ ಕೂತು ಇಪ್ಪತ್ತು ಹಾಳೆ ಬರೆದರು. ಅದರಲ್ಲಿ ಅರ್ಧ, ಅವರೂರಿನ ಗುಂಡುತೋಪಿನ ಬಗ್ಗೆ. ಊರಿನವರೆಲ್ಲ ಸೇರಿ ಬೆಳೆಸಿದ ಮಾವು, ಹುಣಸೆ, ಹಿಪ್ಪೆ ಮರಗಳ ತೋಪು. ಯಾರೊಬ್ಬರದೂ ಅಲ್ಲ, ಎಲ್ಲರದು. ಮನೆ ಮದುವೆಗಳಿಗೆ ಬಂದ ನೆಂಟರಿಗೆಲ್ಲ ಆ ನೆರಳಲ್ಲೇ ಎಲೆ ಹಾಕುತ್ತಿದ್ದರಂತೆ.

ಸಂಪಾದಕರು ಓದಿ ಮುಖ ಗಂಟಿಕ್ಕಿದರು. "ಇಷ್ಟೊಂದು ಮರ ಯಾಕ್ರೀ? ಮೊದ್ಲು ಏನೂ ಇರ್ಲಿಲ್ಲ, ಈಗ ಇಷ್ಟೆಲ್ಲ ಬಂದಿದೆ ಅಂತ ಓದೋರಿಗೆ ಅನ್ನಿಸ್ಬೇಕು. ನೀವೇ ಸರಿ ಮಾಡ್ಬಿಡಿ."

ಮರುದಿನ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಮೇಡಂಗೆ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ತೋಪಿನ ಪುಟಗಳನ್ನು ಕಿತ್ತುಹಾಕಿ, ಗಾಜಿನ ಕಟ್ಟಡಗಳು ಏಳುವ ಮುನ್ನ ಇದೆಲ್ಲ ಪಾಳುಭೂಮಿಯಾಗಿತ್ತು ಎಂಬ ಸಾಲನ್ನು ನಾನೇ ಸೇರಿಸಿದೆ. ಕೆಳಗೆ ಅವರ ಹೆಸರು ಹಾಗೇ ಉಳಿಯಿತು.

ಪುಸ್ತಕ ಬಂದ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರು ಕಚೇರಿಗೆ ಬಂದರು. ನಾನು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ತೋಪಿಗೆ ಬೇಲಿ ಹಾಕಲು ಯಾರೋ ಬಂದಿದ್ದರಂತೆ. ಊರಿನವರು ಅಡ್ಡ ನಿಂತಾಗ ಆ ಪುಟದ ಜೆರಾಕ್ಸ್ ಹಿಡಿದು, ನಿಮ್ಮೂರ ಹೆಣ್ಣುಮಗಳೇ ಪಾಳುಭೂಮಿ ಅಂತ ಬರೆದಿದ್ದಾರಲ್ಲ ಎಂದರಂತೆ.

"ನಮ್ಮಣ್ಣ ಬಾಗ್ಲಲ್ಲೇ ನಿಲ್ಲಿಸ್ಬಿಟ್ಟ ಕಣೇ. ಯಾರ ಮಾತು ಕೇಳ್ಕೊಂಡು ಬರ್ದೆ ಅಂತ ಕೇಳ್ದ."

"ನಾನೇ ಊರಿಗೆ ಬಂದು ಹೇಳ್ತೀನಿ ಮೇಡಂ, ಆ ಸಾಲು ನಂದು ಅಂತ," ಎಂದೆ.

"ಬಾ. ಅಷ್ಟು ಮಾಡು, ಸಾಕು." ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹೋಗಲಿಲ್ಲ. ಮೊದಲು ಕೆಲಸ ಹೋದೀತೆಂಬ ಭಯ. ಆಮೇಲೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದರೆ ಏನು ಹೇಳಲಿ ಎಂಬ ಭಯ... ಮರ್ಫಿ ಟೌನ್ ತಪ್ಪಿಸಿ ಸುತ್ತು ದಾರಿಯಲ್ಲಿ ಓಡಾಡಿದೆ. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ.

ಪುಸ್ತಕ ಸಿಕ್ಕ ಮರುದಿನ ಕೆ.ಆರ್. ಪುರದಿಂದ ಆಟೋ ಹಿಡಿದು ಆ ಊರಿಗೆ ಹೋದೆ. ತೋಪಿದ್ದ ಕಡೆ ಅಪಾರ್ಟ್‌ಮೆಂಟಿನ ಕಾಂಪೌಂಡು. ಮೇಡಂ ಅವರ ಅಣ್ಣ ಈಗಿಲ್ಲ. ಅವರ ಮಗ, ಐವತ್ತು ದಾಟಿದವರು, ಒಳಗೆ ಕರೆದು ಕೂರಿಸಿದರು. ಪುಸ್ತಕದ ಒಂದು ಸಾಲಿನಿಂದ ತೋಪು ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೂ ಎಲ್ಲ ಹೇಳಿದೆ.

ಅವರು ಪುಸ್ತಕ ಈಸಿಕೊಂಡು ಆ ಪುಟ ತೆಗೆದು ನೋಡಿದರು.

"ನಮ್ಮತ್ತೆ ಅದನ್ನೇ ಹೇಳಿದ್ರು. ನಾನು ಬರ್ದಿದ್ದಲ್ಲ, ನನ್ ಸ್ಟೂಡೆಂಟ್ ಒಬ್ಳು ಬಂದು ಹೇಳ್ತಾಳೆ ನೋಡಿ ಅಂತ. ಎರಡು ಯುಗಾದಿಗೂ ಬಂದು ಬಾಗ್ಲಲ್ಲಿ ನಿಂತು ಅದನ್ನೇ ಹೇಳಿದ್ರು. ಯಾರೂ ಬರ್ಲಿಲ್ಲ. ನಾವು ಒಳಕ್ಕೆ ಕರೀಲಿಲ್ಲ."

ಅವರ ಹೆಂಡತಿ ಕಾಫಿ ತಂದುಕೊಟ್ಟರು. ಆ ಮನೆಯೊಳಗೆ ಕೂತು ನಾನು ಅದನ್ನು ಕುಡಿದೆ...