ತಗಡಿನ ಸೈನಿಕನ ಮೀಸೆ

ನಮ್ಮ ಅಟ್ಟದ ಮೇಲೆ ಆಳೆತ್ತರದ ತಗಡಿನ ಬೋರ್ಡೊಂದಿದೆ. ಬಂದೂಕು ಹಿಡಿದು ನಗುತ್ತಿರುವ ಸೈನಿಕ; ಕೆಳಗೆ ‘ಧೈರ್ಯವಾಗಿರಿ, ನಾವಿದ್ದೇವೆ’ ಎಂಬ ಸಾಲು. ಅರಸೀಕೆರೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ನನ್ನ ಅಜ್ಜ, ಬಾಂಗ್ಲಾ ಯುದ್ಧದ ದಿನಗಳಲ್ಲಿ ಊರಿನ ವರ್ತಕರು ಕೇಳಿದರೆಂದು ಬರೆದದ್ದು. ಯುದ್ಧಕಾಲದ ಪೋಸ್ಟರುಗಳು ಜನರಿಗೆ ಹೇಗೆ ಧೈರ್ಯ ತುಂಬಿದವು ಎಂಬುದು ನನ್ನ ಎಂ.ಎ. ಪ್ರಬಂಧದ ವಿಷಯ. ಹಾಗಾಗಿ ಕಳೆದ ವರ್ಷ ಅದನ್ನು ಕೆಳಗಿಳಿಸಿ ಒರೆಸಿದೆ. ಸೈನಿಕನ ದಪ್ಪ ಮೀಸೆ ಆಮೇಲೆ ಬಳಿದದ್ದೆಂದು ಆಗ ಗೊತ್ತಾಯಿತು. ಆ ಬಣ್ಣ ತೆಗೆಸಿ, ಮೂಲ ಮುಖದೊಂದಿಗೆ ವಿಭಾಗದ ಪ್ರದರ್ಶನಕ್ಕೆ ಇಡಬೇಕೆಂದುಕೊಂಡೆ.

ವಿಚಾರಿಸಲು ಕಣಕಟ್ಟೆಗೆ, ಅಜ್ಜನ ತಮ್ಮನ ಹೆಂಡತಿಯ ಬಳಿ ಹೋದೆ. ನಾನು ಅವರನ್ನು ಚಿಕ್ಕಜ್ಜಿ ಎನ್ನುತ್ತೇನೆ.

“ನಿಮ್ಮಜ್ಜ ಮಿಲ್ಟ್ರಿಯೋರನ್ನ ಇನ್ನೆಲ್ಲಿ ಕಂಡಿದ್ರು? ನಮ್ಮೆಜಮಾನ್ರ ಫೋಟೋ ನೋಡ್ಕೊಂಡೇ ಬರೆದ್ರು ಕಣೇ. ಇವ್ರು ಗಡೀಲಿದ್ರು. ಕಾಗ್ದ ಬಂದು ತಿಂಗ್ಳ ಮೇಲಾಗಿತ್ತು.”

ಬೋರ್ಡನ್ನು ಅರಸೀಕೆರೆಯ ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಿದ್ದರು. ಉತ್ಸಾಹದಲ್ಲಿ ಯಾರೋ ಅದಕ್ಕೆ ಸೇವಂತಿಗೆ ಹಾರ ಹಾಕಿದರು. ಚಿಕ್ಕಜ್ಜಿಗೆ ಆಗ ಹತ್ತೊಂಬತ್ತು; ಬೋರ್ಡಿನ ವಿಷಯ ಗೊತ್ತಿರಲಿಲ್ಲ. ಭಾವನ ಮನೆಗೇನಾದರೂ ಕಾಗದ ಬಂದಿದೆಯೇ ಎಂದು ಕೇಳಲು ಬಂದವರು ಬಸ್ಸಿಳಿದರೆ, ಎದುರಿಗೇ ಗಂಡನ ಮುಖ, ಅದಕ್ಕೆ ಹಾರ. ನಮ್ಮಲ್ಲಿ ಪಟಕ್ಕೆ ಹಾರ ಹಾಕುವುದು ತೀರಿಕೊಂಡವರಿಗೆ.

“ಅಲ್ಲೇ ಕುಂತ್ಬಿಟ್ಟೆ. ಸುತ್ತ ಎಲ್ರೂ ಜೈ ಜೈ ಅಂತಾವ್ರೆ. ನಿಮ್ಮಜ್ಜ ಓಡಿ ಬಂದು, ‘ಏಳಮ್ಮಾ, ಅವ್ನಿಗೇನೂ ಆಗಿಲ್ಲ, ಇದು ಬರೀ ತಗಡು’ ಅಂದ್ರು. ಹಾರ ಕಿತ್ತೆಸ್ದು, ‘ಮೊದ್ಲು ಅವ್ರ ಮುಖ ಅಳ್ಸಿ ಭಾವ’ ಅಂದೆ.”

ಅಜ್ಜ ಅಳಿಸುವ ಬದಲು ಅಲ್ಲೇ, ಜನರೆದುರೇ, ಆ ನುಣ್ಣನೆಯ ಮುಖಕ್ಕೆ ಮೀಸೆ ಬರೆದರು. ಮರುದಿನ ಮತ್ತೊಂದು ಹಾರ ಬಿತ್ತು. ಈಗ ಅದು ಯಾರ ಮುಖವೂ ಆಗಿರಲಿಲ್ಲ; ಚಿಕ್ಕಜ್ಜಿ ಹಾರ ಕೀಳಲಿಲ್ಲ.

“ಇವ್ರು ರಜಕ್ಕೆ ಬಂದಾಗ ನೋಡಿ, ‘ನಮ್ಮಣ್ಣ ನಂಗೆ ಪ್ರಮೋಷನ್ ಕೊಟ್ಟವ್ನೆ’ ಅಂತ ನಕ್ಕಿದ್ದೇ ನಕ್ಕಿದ್ದು.”

ನಾನು ಹೋಗುವ ಹೊತ್ತಿಗೆ ಚಿಕ್ಕಜ್ಜ ತೀರಿಕೊಂಡು ವರ್ಷವಾಗಿತ್ತು. ಅವರ ಫೋಟೋ ಚಿಕ್ಕಜ್ಜಿಯ ಬೆನ್ನ ಹಿಂದಿನ ಗೋಡೆಯ ಮೇಲಿತ್ತು, ಹಾರದೊಂದಿಗೆ.

“ಮೀಸೆ ತೆಗೆಸಿ ಪ್ರದರ್ಶನಕ್ಕಿಡ್ಲಾ ಅಜ್ಜಿ? ತುಂಬಾ ಜನ ಬಂದು ನೋಡ್ತಾರೆ,” ಎಂದು ಕೇಳಿದೆ.

ಅವರು ಹಿಂತಿರುಗಿ ಗೋಡೆಯತ್ತ ನೋಡಲಿಲ್ಲ.

“ಬ್ಯಾಡ ಕಣೇ. ನಾಲ್ಕ್ ಜನ ಬರೋ ಜಾಗ ಅಂತೀಯ. ಯಾರಾದ್ರೂ ಹಾರ ತಂದಾರು.”

ಪ್ರಬಂಧದ ಅಡಿಟಿಪ್ಪಣಿಯಲ್ಲಿ ಇಷ್ಟೇ ಬರೆದೆ: ‘ಮೇಲ್ದುಟಿಯ ಭಾಗದಲ್ಲಿ ಆಮೇಲಿನ ಬಣ್ಣವಿದೆ. ತೆಗೆದು ನೋಡಿಲ್ಲ.’