ಬೀಗರ ಬೀದಿಗೆ ಹಂಚಿಹೋದ ಡಬ್ಬಿ

ಮಕ್ಕಳಿಗೆ ಒಂದು ಡಬ್ಬಿ ಸಿಹಿ ಕಳಿಸುವುದು ನಮ್ಮ ಮನೆಯಲ್ಲಿ ಇಷ್ಟು ದೊಡ್ಡ ವಿಷಯ ಆಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ನನ್ನ ಅಕ್ಕ ಮಸ್ಕತ್‌ನಲ್ಲಿ ನರ್ಸ್. ಭಾವನೂ ಅಲ್ಲೇ. ಇಬ್ಬರು ಮಕ್ಕಳು. ದೊಡ್ಡವಳು ಒಂದನೇ ಕ್ಲಾಸು, ಚಿಕ್ಕವನಿಗೆ ಈಗಷ್ಟೇ ಮಾತು ಬರುತ್ತಿದೆ. ಈ ಸಲ ಭಾವನ ತಾಯಿ, ಅಂದರೆ ಕುಣಿಗಲ್ಲಿನ ಅತ್ತೆ, ಮೊಮ್ಮಕ್ಕಳ ಜೊತೆ ಇದ್ದು ಬರೋಣ ಎಂದು ಹೊರಟಿದ್ದರು. "ನಿಮ್ಮನೆದೂ ಒಂದು ಡಬ್ಬಿ ತಗೊಂಡೋಗ್ತೀನಿ, ಹೊರಡೋ ಹಿಂದಿನ ದಿನ ತಂದ್ಕೊಡಿ ಸಾಕು" ಎಂದು ಫೋನಿನಲ್ಲಿ ಹೇಳಿದರು.

ಅಮ್ಮ ಫೋನ್ ಇಟ್ಟು, "ಏನ್ ಕಳ್ಸೋದ್ಲಾ?" ಅಂದಳು. ಆ ದನಿಯಲ್ಲಿ ಭಯ ಇತ್ತು.

ಭಯಕ್ಕೆ ಕಾರಣ ನನಗೆ ಗೊತ್ತು. ಹೋದ ರಜೆಯಲ್ಲಿ ಅಕ್ಕನ ಮಗಳು ಕಡಬದ ನಮ್ಮ ತೋಟದ ಮನೆಗೆ ಬಂದಿದ್ದಾಗ ಅಮ್ಮ ಕೊಬ್ಬರಿ ಮಿಠಾಯಿ ಮಾಡಿದ್ದಳು. ಅಟ್ಟದ ಮೇಲೆ ಇಟ್ಟು, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುವ ತನಕ ಒಣಗಿದ ಕಾಯಿ, ಅದನ್ನು ಒಡೆದು ತೆಗೆದ ಕೊಬ್ಬರಿ. ಮಗು ಒಂದು ತುದಿ ಕಚ್ಚಿ, ಉಳಿದದ್ದನ್ನು ಬಹಳ ಮರ್ಯಾದೆಯಿಂದ ತಟ್ಟೆಗೇ ವಾಪಸ್ ಇಟ್ಟು, "ಅಜ್ಜಿ, ಅಂಗಡೀದು ಇಲ್ವಾ?" ಅಂದಿತು. ಅಮ್ಮ ನಕ್ಕು ನನ್ನನ್ನು ಚಾಕ್ಲೇಟ್ ತರಲು ಓಡಿಸಿದಳು. ಆದರೆ ಆ ರಜೆ ಮುಗಿಯುವ ತನಕ ಮತ್ತೆ ಸಿಹಿ ಅಂತ ಬಾಣಲೆ ಇಡಲಿಲ್ಲ.

"ಕೊಬ್ಬರಿ ಮಿಠಾಯಿ ಒಂದು ಬ್ಯಾಡ," ಅಂದಳು ಈಗ. "ಇನ್ನೊಂದ್ಸಲ ಮಗೀನ ಮುಂದೆ ಇಟ್ಟು ವಾಪಸ್ ತಗೊಳಾಕೆ ನನ್ ಕೈಲಾಗಕಿಲ್ಲ."

"ಅಮ್ಮ, ನಂಗೆ ಬುಡು. ನಾನ್ ನೋಡ್ಕೊತೀನಿ," ಅಂದೆ.

ನಾನು ಹಾಗೆ ಹೇಳಿದ್ದಕ್ಕೆ ಕಾರಣ ಇದೆ. ನನಗೆ ಸಿಹಿ ಮಾಡುವ ಹುಚ್ಚು. ಯಾರೂ ಹೇಳಿಕೊಟ್ಟದ್ದಲ್ಲ. ಬೈಕ್ ಶೋರೂಮಿನ ಕೆಲಸ ಮುಗಿಸಿ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು, ಫೋನನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ, ನೋಡಿ ನೋಡಿ ಪಾಕ ಕಲಿತೆ. ಎಷ್ಟು ಸಲ ಕಲ್ಲಾಯಿತು, ಎಷ್ಟು ಸಲ ಗಂಜಿಯಾಯಿತು, ಅದನ್ನೆಲ್ಲ ನಮ್ಮ ಬೀದಿಯ ಮಕ್ಕಳೇ ತಿಂದು ಮುಗಿಸಿದ್ದಾರೆ. ನನ್ನ ಲೆಕ್ಕಾಚಾರ ಏನೆಂದರೆ, ಮಕ್ಕಳು ಕಣ್ಣಲ್ಲಿ ತಿನ್ನುತ್ತಾರೆ. ಬಣ್ಣ ಬೇಕು, ಆಕಾರ ಬೇಕು. ಇಷ್ಟು ಸರಿಹೋದರೆ ಕೊಬ್ಬರಿ ಮಿಠಾಯಿಯನ್ನೂ ಗೆಲ್ಲಿಸಬಹುದು.

ಮೊದಲು ಪ್ರಯಾಣದ ಪರೀಕ್ಷೆ. ಭಾನುವಾರ ಮೈಸೂರು ಪಾಕು, ರವೆ ಉಂಡೆ, ತಂಬಿಟ್ಟು, ಕೊಬ್ಬರಿ ಮಿಠಾಯಿ ಎಲ್ಲವನ್ನೂ ಒಂದೊಂದು ಡಬ್ಬಿಗೆ ತುಂಬಿ ಗುಬ್ಬಿ ಬಸ್ಸು ಹತ್ತಿದೆ. ಗುಬ್ಬಿಯಿಂದ ಕಡಬ, ತಿರುಗಿ ತುಮಕೂರು. ಬೇಕೆಂದೇ ಹಿಂದಿನ ಸೀಟು. ಪ್ರತಿ ರೋಡ್ ಹಂಪ್‌ಗೂ ನಾನು ಡಬ್ಬಿ ಬಿಚ್ಚಿ ನೋಡುವುದನ್ನು ನೋಡಿ ಕಂಡಕ್ಟರ್, "ಏನ್ ಸಾರ್, ಒಳಗೇನು ಕೋಳಿಮರಿ ಇದಾವಾ?" ಅಂದರು. ಮೈಸೂರು ಪಾಕು ಪುಡಿಯಾಯಿತು. ರವೆ ಉಂಡೆ ಮತ್ತೆ ರವೆಯಾಯಿತು. ತಂಬಿಟ್ಟು, ಕೊಬ್ಬರಿ ಮಿಠಾಯಿ ಅಲುಗಾಡಲಿಲ್ಲ.

"ಹೆಣ್ಗೆ ಗಂಡು ನೋಡ್ದಂಗೆ ನೋಡ್ತಾವ್ನೆ ಉಂಡೇನ," ಎಂದು ಅಮ್ಮ ನಕ್ಕಳು. ನಕ್ಕರೂ ಸಂಜೆ ತಾನೇ ಕೂತು ಕೊಬ್ಬರಿ ತುರಿದುಕೊಟ್ಟಳು. ತುಮಕೂರಿನ ಸದಾಶಿವನಗರದಲ್ಲಿ ಕೇಕಿನ ಸಾಮಾನು ಮಾರುವ ಅಂಗಡಿಯಿಂದ ನಕ್ಷತ್ರದ ಅಚ್ಚು ತಂದೆ. ಬೀಟ್‌ರೂಟ್ ರಸ ಹಾಕಿ ಮಿಠಾಯಿಗೆ ಗುಲಾಬಿ ಬಣ್ಣ ಬರಿಸಿದೆ. ತಂಬಿಟ್ಟಿಗೆ ಬೆಕ್ಕಿನ ಮುಖ. ಏನೇ ಹೇಳಿ, ಡಬ್ಬಿ ತುಂಬಿದಾಗ ಅದು ಚೆನ್ನಾಗಿಯೇ ಕಾಣುತ್ತಿತ್ತು. ಅಮ್ಮ ಒಂದು ನಕ್ಷತ್ರ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, "ತಿಂತಾಳೇನೋ ಕಣ್ಲಾ" ಅಂದಳು.

ನನಗೆ ತಡೆಯಲಾಗಲಿಲ್ಲ. ಹಿಂದಿನ ದಿನದ ತನಕ ಯಾರು ಕಾಯುತ್ತಾರೆ? ವಾರದ ನಡುವೆಯೇ ರಜೆ ಹಾಕಿ ಕುಣಿಗಲ್ಲಿಗೆ ಹೊರಟೆ. ಬೀಗರ ಮನೆಗೆ ಬರೀ ಡಬ್ಬಿ ಹಿಡಿದು ಹೋಗಬಾರದು ಎಂದು ಅಮ್ಮ ಮುಚ್ಚಳದ ಮೇಲೆ ಎಲೆ ಅಡಿಕೆ, ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ಇಟ್ಟುಕೊಟ್ಟಳು. ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡು ದೇವರ ಮುಂದೆ ಇಟ್ಟರು. ಕಾಫಿ ಕುಡಿದೆ, ಬಸ್ಸಿಗೆ ಹೊತ್ತಾಯಿತು ಎಂದು ಓಡಿಬಂದೆ.

ಗುರುವಾರ ಸಂಜೆ ಡಬ್ಬಿ ಸೂಟ್‌ಕೇಸಿಗೆ ಹಿಡಿಯಿತಾ ಎಂದು ಕೇಳಲು ಫೋನ್ ಮಾಡಿದೆ.

"ಅಯ್ಯೋ, ಎಂಥಾ ಕೈಯಪ್ಪಾ ನಿಂದು!" ಅಂದರು ಅತ್ತೆ. "ಇಡೀ ಬೀದಿ ಕೊಂಡಾಡ್ತು. ಆ ನಕ್ಷತ್ರ ಅಂತೂ ಮಕ್ಳು ಕಿತ್ಕೊಂಡು ತಿಂದ್ವು. ಬೀಗರ ಮನೆ ತಿಂಡಿ ಅಂದ್ರೆ ಇಂಗಿರ್ಬೇಕು ಅಂದ್ರು ಎಲ್ರೂ. ಅಂದಂಗೆ, ಮಕ್ಕಳ ಡಬ್ಬಿ ನಾಳೆ ತರ್ತೀರಲ್ವಾ?"

ಅದೇ ಮಕ್ಕಳ ಡಬ್ಬಿ ಎಂದು ಹೇಳುವುದನ್ನೇ ಮರೆತಿದ್ದ ನಾನು, "ತರ್ತೀವಿ" ಎಂದು ಫೋನ್ ಇಟ್ಟೆ. ಬೀಗರ ಮನೆಯಿಂದ ಎಲೆ ಅಡಿಕೆ ಜೊತೆ ಬಂದ ಸಿಹಿಯನ್ನು ಯಾರೂ ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲ, ಅಕ್ಕಪಕ್ಕದವರಿಗೆ ಹಂಚುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಮಾಡುವುದು. ಅತ್ತೆಯನ್ನು ಏನೆಂದು ದೂರಲಿ?

ಅಮ್ಮನಿಗೆ ಹೇಳಿದೆ. "ಬೀಗ್ರು ಸರ್ಯಾಗೇ ಮಾಡವ್ರೆ. ಎಲೆ ಇಟ್ಟು ಕೊಟ್ಟೋಳು ನಾನಲ್ವಾ," ಅಂದು ಎದ್ದು ಚೀಲಕ್ಕೆ ಕೊಬ್ಬರಿ, ಬೆಲ್ಲ, ಏಲಕ್ಕಿ ತುಂಬತೊಡಗಿದಳು. "ಮನೇಲಿ ಉಳ್ದಿರೋದು ಇಷ್ಟೇ. ಬೆಳಗ್ಗೆ ಅಲ್ಲೇ ಹೋಗಿ ಮಾಡುವ. ತಿಂದ್ರೆ ತಿನ್ಲಿ, ಬುಟ್ರೆ ಬುಡ್ಲಿ." ದನಿ ಮಾತ್ರ ಬುಡ್ಲಿ ಅನ್ನುತ್ತಿರಲಿಲ್ಲ.

ಶುಕ್ರವಾರ ಕುಣಿಗಲ್ಲಿನ ಅಡುಗೆಮನೆಯಲ್ಲಿ ಅತ್ತೆ ವಿಷಯ ತಿಳಿದು ಹಣೆ ಚಚ್ಚಿಕೊಂಡರು. "ಬೀಗ್ರೇ, ಒಂದ್ ಮಾತು ಹೇಳ್ಬಾರ್ದಾ! ಮೊಮ್ಮಕ್ಕಳ ಬಾಯಿಂದ ಕಿತ್ತು ಊರಿಗೆ ಹಂಚ್ದಂಗಾಯ್ತು."

"ಊರ್ ಮಕ್ಳೂ ಮಕ್ಳೇ ಅಲ್ವಾ, ಬುಡಿ," ಎಂದು ಅಮ್ಮ ಸೆರಗು ಸಿಕ್ಕಿಸಿ ಬಾಣಲೆ ಇಟ್ಟಳು. ನನ್ನ ನಕ್ಷತ್ರದ ಅಚ್ಚನ್ನು ತೆಗೆಯಲೂ ಬಿಡಲಿಲ್ಲ. ಬೆಲ್ಲದ ಪಾಕಕ್ಕೆ ಕೊಬ್ಬರಿ ಬಿತ್ತು, ಅಮ್ಮ ಕೈ ನಿಲ್ಲಿಸದೆ ತಿರುವಿದಳು. ಅವಳ ಬಾಣಲೆ ತಳ ಹಿಡಿದದ್ದನ್ನು ನಾನು ನೋಡಿಯೇ ಇಲ್ಲ. ಅವತ್ತು ಮಾತ್ರ ಅತ್ತೆಯ ತೆಳ್ಳನೆಯ ಬಾಣಲೆಯಲ್ಲಿ ಸ್ವಲ್ಪ ಹಿಡಿಯಿತು. ಮಿಠಾಯಿಯನ್ನು ತಟ್ಟೆಗೆ ಸುರಿದು ತಟ್ಟುತ್ತಿರುವಾಗಲೇ ಅಕ್ಕನ ವಿಡಿಯೋ ಕಾಲ್ ಬಂತು. ಶುಕ್ರವಾರ ಅಲ್ಲಿ ಸ್ಕೂಲಿಗೆ ರಜೆ.

ಅಕ್ಕನ ಮಗಳು ಸಾಮಾನ್ಯವಾಗಿ ಫೋನಿಗೆ ಒಂದು ಹಾಯ್ ಹೇಳಿ ಓಡುವ ಹುಡುಗಿ. ಅವತ್ತು ಹೋಗಲಿಲ್ಲ. ಯಾಕೆಂದರೆ ನಾನು ಫೋನನ್ನು ಕಿಟಕಿಗೆ ಒರಗಿಸಿ, ನೆಲದ ಮೇಲೆ ಕೂತು ಬಾಣಲೆ ತಳ ಕೆರೆದು ಕೆರೆದು ತಿನ್ನುತ್ತಿದ್ದೆ.

"ಮಾವ, ಏನು ತಿಂತಿದೀಯ?"

"ತಳ ಹಿಡ್ದಿರೋದು. ಕೇಳು, ಕರಕರ ಅಂತದೆ." ಫೋನಿನ ಹತ್ತಿರ ಅಗಿದು ತೋರಿಸಿದೆ.

"ನಂಗೂ ಬೇಕು."

ಅಮ್ಮ ತಟ್ಟೆ ಎತ್ತಿಕೊಂಡು ಫೋನಿಗೆ ಅಡ್ಡ ಬಂದಳು. "ಅದ್ಯಾಕವ್ವಾ, ಸೀದಿರೋದು. ನೋಡಿಲ್ಲಿ, ಇದು ನಿಂಗೇ ಮಾಡಿರೋದು."

"ಅದು ಬೇಡ ಅಜ್ಜಿ. ಮಾವ ಎಲ್ಲಾ ಖಾಲಿ ಮಾಡ್ತಿದಾನೆ, ನಿಲ್ಸಕ್ಕೆ ಹೇಳು! ನಂಗೆ ಇಡಕ್ಕೆ ಹೇಳು!"

ಅಮ್ಮ ನನ್ನ ಕೈಯಿಂದ ಸೌಟನ್ನು ಕಿತ್ತುಕೊಂಡಳು. ಬಾಣಲೆ ಬಗ್ಗಿಸಿ ನೋಡಿದರೆ ಒಂದು ಚಮಚದಷ್ಟೂ ಉಳಿದಿರಲಿಲ್ಲ. "ಹೊಟ್ಟೆಬಾಕ, ಮಗೀಗೆ ಒಂಚೂರು ಇಡ್ಬಾರ್ದಾ," ಎಂದು ನನ್ನ ತಲೆಗೊಂದು ಮೊಟಕಿದಳು. ಆ ಕಡೆ ಮಗು ಕೇಕೆ ಹಾಕಿ ನಕ್ಕಿತು.

ಚೀಲದಲ್ಲಿ ಇನ್ನೂ ಎರಡು ಬಟ್ಟಲು ಕೊಬ್ಬರಿ ಇತ್ತು. ಅಮ್ಮ ಮತ್ತೆ ಒಲೆ ಹಚ್ಚಿದಳು. ಪಾಕ ಬಂತು, ಕೊಬ್ಬರಿ ಬಿತ್ತು. ಈ ಸಲ ಅವಳು ಉರಿ ಜಾಸ್ತಿ ಮಾಡಿ, ಸೌಟು ಪಕ್ಕಕ್ಕಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಫೋನಿನಿಂದ ಎರಡು ಪುಟ್ಟ ಮುಖಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದವು.

ಸೂಟ್‌ಕೇಸ್ ತುಂಬುತ್ತಿದ್ದ ಅತ್ತೆಗೆ ರೂಮಿನಲ್ಲೇ ವಾಸನೆ ಬಡಿಯಿತು. "ಬೀಗ್ರೇ! ಬೀಗ್ರೇ, ತಳ ಹಿಡೀತೈತೆ ನೋಡಿ!" ಎಂದು ಅಲ್ಲಿಂದಲೇ ಕೂಗಿದರು.

"ಹಿಡೀಲಿ ಬುಡಿ," ಅಂದಳು ಅಮ್ಮ, ಒಲೆಯಿಂದ ಕಣ್ಣು ತೆಗೆಯದೆ. "ನಮ್ ಮಗೀಗೆ ಬೇಕಂತೆ."